ಬೈತಲೆ ಅಗಲವಾಗುತ್ತಿದೆ ಅನ್ನಿಸಿದಾಗ

(ಮಂಡ್ಯದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು. ಆಡಿದ ಹಾಗೆಯೇ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕ್ಲಿನಿಕ್ಕಿಗೆ ಬರುವ ಎಷ್ಟೋ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಕೂತ ತಕ್ಷಣ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಒಳಗೆ ಕೂದಲಿನ ಉಂಡೆ. "ಇದು ಸೋಮವಾರದ್ದು ಮೇಡಂ, ಇದು ನಿನ್ನೆ ತಲೆಗೆ ನೀರು ಹಾಕ್ಕೊಂಡಾಗ ಬಂದಿದ್ದು." ಒಬ್ಬರಂತೂ ಹಾರ್ಲಿಕ್ಸ್ ಬಾಟಲಿ ತುಂಬ ತಂದಿದ್ದರು. ಆರು ತಿಂಗಳ ಕೂದಲು. ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಟ್ಟಿದ್ದರಂತೆ. ಗಂಡನಿಗೂ ತೋರಿಸಿರಲಿಲ್ಲ. ಮುಚ್ಚಳ ತೆಗೆಯುವಾಗ ಅವರ ಕೈ ನಡುಗುತ್ತಿತ್ತು.

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಅಂತ ಹಿರಿಯರು ಹೇಳುತ್ತಿದ್ದರು. ಇಲ್ಲದವಳ ಬಗ್ಗೆ ಯಾರೂ ಏನೂ ಹೇಳಿಲ್ಲ. ಗಂಡಸಿನ ತಲೆ ಬೋಳಾದರೆ ಊರು ನಾಲ್ಕು ದಿನ ಚುಡಾಯಿಸಿ ಸುಮ್ಮನಾಗುತ್ತದೆ. ಹೆಂಗಸಿಗೆ ನೆತ್ತಿ ಕಾಣತೊಡಗಿದರೆ ಅವಳು ಮದುವೆ ಮನೆಗೆ ಹೋಗುವುದನ್ನೇ ಬಿಡುತ್ತಾಳೆ. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಾಳೆ. ಒಬ್ಬ ಹೈಸ್ಕೂಲ್ ಟೀಚರ್ ನನಗೆ ಹೇಳಿದರು, ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಕೂರುವುದಿಲ್ಲವಂತೆ. ಕೂತರೆ ಪಕ್ಕದಲ್ಲಿ ನಿಂತವರಿಗೆ ನೆತ್ತಿ ಕಾಣುತ್ತದಲ್ಲ, ಅದಕ್ಕೆ. ದಿನಾ ಮುಕ್ಕಾಲು ಗಂಟೆ ನಿಂತೇ ಹೋಗುತ್ತಿದ್ದರು. ಇದನ್ನು ಯಾರಾದರೂ ಶೋಕಿ ಅಂದರೆ ನನಗೆ ಸಿಟ್ಟು ಬರುತ್ತದೆ.

ನಾನು ಚರ್ಮದ ಡಾಕ್ಟರ್. ಕೂದಲು ನಾಟಿ ಆಪರೇಷನ್ ಕೂಡ ಮಾಡುತ್ತೇನೆ. ಆದರೂ "ಆಪರೇಷನ್ ಮಾಡಿಬಿಡಿ ಮೇಡಂ" ಅಂತ ಬರುವ ಹೆಣ್ಣುಮಕ್ಕಳಲ್ಲಿ ಜಾಸ್ತಿ ಜನರನ್ನು ಆಪರೇಷನ್ ಮಾಡದೆ ವಾಪಸು ಕಳಿಸುತ್ತೇನೆ. ಯಾಕೆ ಕಳಿಸುತ್ತೇನೆ, ಯಾರನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಇದನ್ನು ಹೇಳೋಕೆ ಇವತ್ತು ಬಂದಿದ್ದೇನೆ. ಫೋನಿನಲ್ಲಿ ಒಂದು ಸಲ ಕೂದಲಿನ ವಿಷಯ ಹುಡುಕಿದರೆ ಸಾಕು, ಆಮೇಲೆ ತಿಂಗಳುಗಟ್ಟಲೆ ಜಾಹೀರಾತು ಬೆನ್ನು ಬಿಡುವುದಿಲ್ಲ. ಅವುಗಳಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ.

ಮೊದಲು ಕೂದಲು ಉದುರುವುದು ಅಂದರೆ ಏನು ಅಂತ ನೋಡೋಣ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದಲ್ಲಿ ಬೇರು ಕುಗ್ಗುತ್ತದೆ. ಮೂರು ತಿಂಗಳು ಸುಮ್ಮನೆ ಕೂತಿದ್ದು ಉದುರುತ್ತದೆ. ಅದೇ ಗುಳಿಯಿಂದ ಹೊಸ ಕೂದಲು ಬರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ವಾರಕ್ಕೊಂದು ಸಲ ತಲೆಸ್ನಾನ ಮಾಡುವವರಿಗೆ ಅಷ್ಟೂ ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ. ಎದೆ ಧಸಕ್ಕೆನ್ನುವುದು ಅಲ್ಲೇ.

ಇನ್ನೊಂದು ಥರದ ಉದುರುವಿಕೆ ಇದೆ. ಡೆಂಗಿ, ಟೈಫಾಯಿಡ್, ಕೋವಿಡ್ ಥರದ ಜ್ವರ ಬಂದರೆ, ದೊಡ್ಡ ಆಪರೇಷನ್ ಆದರೆ, ಊಟ ಬಿಟ್ಟು ಒಮ್ಮೆಲೇ ಸಣ್ಣಗಾದರೆ, ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ. ಅಷ್ಟು ಹೊತ್ತಿಗೆ ಜ್ವರ ಬಂದದ್ದೇ ಮರೆತುಹೋಗಿರುತ್ತದೆ. ಅದಕ್ಕೇ ನನ್ನ ಮೊದಲ ಪ್ರಶ್ನೆ, "ಮೂರು ತಿಂಗಳ ಹಿಂದೆ ಏನಾಗಿತ್ತಮ್ಮ?" ಹೆರಿಗೆಯ ನಂತರವೂ ಹೀಗೆಯೇ. ಬಸುರಿಯಿದ್ದಾಗ ಉದುರದೆ ಉಳಿದ ಕೂದಲು ಬಾಣಂತನ ಮುಗಿಯುವ ಹೊತ್ತಿಗೆ ಒಟ್ಟಿಗೆ ಉದುರುತ್ತದೆ. ಮಗು ಮುಖ ನೋಡಿ ನಗೋಕೆ ಶುರು ಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ ಅಜ್ಜಿಯರು ಹೇಳುತ್ತಾರಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ. ಮಗು ನಗುವುದೂ ಕೂದಲು ಉದುರುವುದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಇದು ಬಹುತೇಕ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ಆಪರೇಷನ್ ಮಾಡುವುದು ಮಾತ್ರ ದೊಡ್ಡ ತಪ್ಪು.

ರಕ್ತದ ಕೊರತೆಯನ್ನೂ ಮರೆಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ 100ಕ್ಕೆ 57 ಜನರಿಗೆ, ಕರ್ನಾಟಕದಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಈ ಹಾಲ್‌ನಲ್ಲಿ ಕೂತಿರುವವರಲ್ಲೂ ಹೆಚ್ಚುಕಡಿಮೆ ಅರ್ಧ ಜನ ಆದಿರಿ. ಹಿಮೋಗ್ಲೋಬಿನ್ ಸರಿಯಿದೆ ಅಂತ ರಿಪೋರ್ಟ್ ಬಂದರೂ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡಿಸಿ. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯಲ್ಲಿರುವ ಅಕ್ಕಿ. ಫೆರಿಟಿನ್ ಅಂದರೆ ಉಗ್ರಾಣದಲ್ಲಿರುವ ಮೂಟೆ. ಡಬ್ಬಿ ತುಂಬಿದ್ದು ಉಗ್ರಾಣ ಖಾಲಿಯಿರಬಹುದು. ಮೈಗೆ ಕಬ್ಬಿಣ ಸಾಲದೆ ಬಂದಾಗ ಕೂದಲಿಗೆ ಕೊನೆಯ ಪಾಲು.

ಹಾರ್ಲಿಕ್ಸ್ ಬಾಟಲಿಯ ಅಮ್ಮನಿಗೆ ಏನಾಗಿತ್ತು ಗೊತ್ತಾ? ಥೈರಾಯ್ಡ್. ಸದಾ ಸುಸ್ತು, ಮೈ ಊದಿತ್ತು, ಮುಟ್ಟು ಏರುಪೇರು. ಇಷ್ಟೂ ಇದ್ದರೂ ಯಾರೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಅವರು ಆಗಲೇ ಒಂದು ಕಡೆ ಕೂದಲು ನಾಟಿಗೆ ಮುಂಗಡ ಕೊಟ್ಟು ಬಂದಿದ್ದರು. ಒಡವೆ ಅಡವಿಟ್ಟು. ನಾನು ಬೇಡವೆಂದೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟೆ. ಎಂಟು ತಿಂಗಳಿಗೆ ಹಣೆಯ ಮೇಲೆ ಗುಬ್ಬಚ್ಚಿ ಪುಕ್ಕದಂಥ ಮರಿಗೂದಲು ಎದ್ದು ನಿಂತಿತ್ತು. ಬಾಚಿದರೂ ಕೂರುತ್ತಿರಲಿಲ್ಲ. ಅದನ್ನು ತೋರಿಸೋಕೆ ಅಂತಲೇ ಬಂದಿದ್ದರು.

ಈಗ ಬೈತಲೆಯ ವಿಷಯಕ್ಕೆ ಬರೋಣ. ಹೆಂಗಸರಲ್ಲಿ ವಂಶದಿಂದ ಬರುವ ಕೂದಲು ತೆಳುವಾಗುವಿಕೆ ಗಂಡಸರ ಹಾಗಲ್ಲ. ಅವರಿಗೆ ಹಣೆ ಹಿಂದೆ ಸರಿಯುತ್ತದೆ. ನಮಗೆ ಹಣೆಯಂಚು ಹಾಗೇ ಇದ್ದು, ಅದರ ಹಿಂದೆ ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಜರ್ಮನಿಯ ಎರಿಕ್ ಲುಡ್ವಿಗ್ ಎಂಬ ಡಾಕ್ಟರ್ 1977ರಲ್ಲಿ ಇದನ್ನು ಮೂರು ಹಂತ ಮಾಡಿ ತೋರಿಸಿದರು. ಇವತ್ತಿಗೂ ನಾವು ಕೇಸ್ ಶೀಟಿನಲ್ಲಿ ಲುಡ್ವಿಗ್ ಒಂದು, ಲುಡ್ವಿಗ್ ಎರಡು ಅಂತಲೇ ಬರೆಯುತ್ತೇವೆ. ಇಲ್ಲಿ ಕೂದಲು ಒಂದೇ ಸಲ ಮಾಯವಾಗುವುದಿಲ್ಲ. ಪ್ರತಿ ಸುತ್ತಿಗೂ ಬೇರು ಸಣ್ಣಗಾಗಿ, ಹೊಲಿಗೆ ದಾರದಷ್ಟಿದ್ದ ಕೂದಲು ರೇಷ್ಮೆ ಎಳೆಯಷ್ಟಾಗುತ್ತದೆ. ಸುಮಾರು ಅರ್ಧ ಹೋಗುವ ತನಕ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೈಗೆ ಮೊದಲು ಗೊತ್ತಾಗುತ್ತದೆ. ರಬ್ಬರ್ ಬ್ಯಾಂಡ್ ಎರಡು ಸುತ್ತು ಬರುತ್ತಿದ್ದದ್ದು ನಾಲ್ಕು ಸುತ್ತು ಬರುತ್ತಿದೆಯಾ? ಆಗಲೇ ಡಾಕ್ಟರ ಹತ್ತಿರ ಹೋಗಿ. ಬೇರು ಬದುಕಿರುವಾಗ ಔಷಧಿಗೆ ಕೆಲಸವಿದೆ.

ಆ ಔಷಧಿಗಳಲ್ಲಿ ಮುಖ್ಯವಾದದ್ದು ಮಿನಾಕ್ಸಿಡಿಲ್. ಅದು ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬರತೊಡಗಿದ್ದನ್ನು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಅಲ್ಲೇ ಹೆದರಿ ಬಿಡುವವರು ಬಹಳ. ಬಿಡಬೇಡಿ, ಹಳೆಯದು ಜಾಗ ಬಿಡುತ್ತಿದೆ ಅಷ್ಟೇ. ನಾಲ್ಕರಿಂದ ಆರು ತಿಂಗಳು ಕಾಯಬೇಕು. ನಿಲ್ಲಿಸಿದರೆ ಬಂದದ್ದು ಮತ್ತೆ ಹೋಗುತ್ತದೆ. ಬಸುರಿಯರು ಹಚ್ಚಬಾರದು. ಇನ್ನೊಂದು ಮಾತು, ಗಂಡನಿಗೆ ಬರೆದುಕೊಟ್ಟ ಫಿನಾಸ್ಟರೈಡ್ ಮಾತ್ರೆಯನ್ನು ನೀವೂ ನುಂಗಬೇಡಿ. ಮನೆಯಲ್ಲಿ ಇದೆಯಲ್ಲ ಅಂತ ನುಂಗಿದವರನ್ನು ನೋಡಿದ್ದೇನೆ. ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದರ ಬೆಳವಣಿಗೆಗೆ ತೊಂದರೆಯಾಗಬಹುದು.

ಇನ್ನು ನಾಟಿ. ಪೇಪರಿನವರು ಕೂದಲು ಕಸಿ ಅಂತ ಬರೆಯುತ್ತಾರೆ. ನನಗೆ ನಾಟಿ ಅನ್ನುವುದೇ ಸರಿ ಅನ್ನಿಸುತ್ತದೆ. ಮಾವಿನ ಕಸಿಯಲ್ಲಿ ಒಂದು ಗಿಡದ ಟೊಂಗೆ, ಇನ್ನೊಂದು ಗಿಡದ ಬೇರು. ಇಲ್ಲಿ ಹಾಗಿಲ್ಲ. ವಿ.ಸಿ. ನಾಲೆಗೆ ನೀರು ಬಿಟ್ಟ ಮೇಲೆ ನೀವು ಏನು ಮಾಡುತ್ತೀರೋ ಅದೇ. ಒಟ್ಲಿನಿಂದ ಸಸಿಯನ್ನು ಬೇರು ಸಮೇತ ಕಿತ್ತು ಗದ್ದೆಯಲ್ಲಿ ನೆಡುವುದು. ತಲೆಯ ಹಿಂಭಾಗ, ಎರಡು ಕಿವಿಗಳ ನಡುವಿನ ಜಾಗ, ಅದೇ ನಮ್ಮ ಒಟ್ಲು. ಹೊಸ ಕೂದಲು ಎಲ್ಲಿಂದಲೂ ಬರುವುದಿಲ್ಲ. ಇರುವುದನ್ನೇ ಹಂಚುವುದು. ಬೇರೆಯವರ ಕೂದಲನ್ನು ನೆಡಲೂ ಆಗುವುದಿಲ್ಲ, ಮೈ ಒಪ್ಪುವುದಿಲ್ಲ.

ಈ ವಿದ್ಯೆಯ ಹುಟ್ಟಿನಲ್ಲೇ ಹೆಂಗಸರಿದ್ದಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಪಾನಿನಲ್ಲಿ ಶೋಜಿ ಒಕುದಾ ಎಂಬ ಡಾಕ್ಟರ್ 1939ರಲ್ಲಿ, ಗಾಯದ ಕಲೆಯಾಗಿ ಕೂದಲು ಹೋದವರ ತಲೆಗೆ, ಹುಬ್ಬಿಗೆ ಕೂದಲು ನೆಟ್ಟದ್ದನ್ನು ಬರೆದರು. 1943ರಲ್ಲಿ ಅಲ್ಲಿನವರೇ ಆದ ಹಾಜಿಮೆ ತಮುರಾ, ಗುಪ್ತಾಂಗದ ಮೇಲೆ ಕೂದಲಿಲ್ಲವೆಂದು ನೊಂದ ಹೆಂಗಸರಿಗೆ ಒಂದೊಂದೇ ಕೂದಲಿನ ಚಿಕ್ಕ ಸಸಿ ನೆಟ್ಟರು. ಸಸಿ ಚಿಕ್ಕದಾದಷ್ಟೂ ಸಹಜವಾಗಿ ಕಾಣುತ್ತದೆ ಅನ್ನುವುದು ಅವರಿಗೆ ಆಗಲೇ ಹೊಳೆದಿತ್ತು. ಆದರೆ ಮಹಾಯುದ್ಧದ ಕಾಲ. ಬರೆದದ್ದು ಜಪಾನಿ ಭಾಷೆಯಲ್ಲಿ. ಹೊರಗಿನವರಿಗೆ ಎಷ್ಟೋ ವರ್ಷ ಗೊತ್ತೇ ಆಗಲಿಲ್ಲ. ಹಾಗಾಗಿ ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಅವರಿಂದಲೇ ಎಲ್ಲ ಶುರುವಾಯಿತು ಅಂತ ಪಾಠದಲ್ಲಿ ಬಂತು. ಅವರು 1952ರಲ್ಲಿ ಮೊದಲ ನಾಟಿ ಮಾಡಿ, 1959ರಲ್ಲಿ ಅದನ್ನು ಪ್ರಕಟಿಸಿದರು.

ಒರೆಂಟ್ರೈಕ್ ಕಂಡುಕೊಂಡ ಸಂಗತಿ ದೊಡ್ಡದು. ಹಿಂಭಾಗದ ಕೂದಲು ಮುಂದೆ ಬಂದರೂ ತನ್ನ ಗುಣ ಬಿಡುವುದಿಲ್ಲ. ಗಂಡಸಿನ ತಲೆ ಮೇಲೆ ಬೋಳಾದರೂ ಹಿಂದೆ, ಕಿವಿಯ ಮೇಲೆ ಕೂದಲು ಗಟ್ಟಿಯಾಗಿ ಉಳಿದಿರುತ್ತದಲ್ಲ? ಆ ಗಟ್ಟಿ ಸಸಿಯನ್ನು ಮುಂದೆ ನೆಟ್ಟರೆ ಅಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಗಂಡಸರ ಕೂದಲು ನಾಟಿ ನಿಂತಿರುವುದೇ ಈ ಒಂದು ಗುಣದ ಮೇಲೆ. ನಮ್ಮ ಕಷ್ಟವೂ ಇಲ್ಲೇ ಶುರು. ಎಷ್ಟೋ ಹೆಂಗಸರಲ್ಲಿ ತೆಳುವಾಗುವುದು ನೆತ್ತಿಯಲ್ಲಿ ಮಾತ್ರ ಇರುವುದಿಲ್ಲ. ಹಿಂದೆಯೂ, ಪಕ್ಕದಲ್ಲೂ, ಇಡೀ ತಲೆಯಲ್ಲಿ ಇರುತ್ತದೆ. ಒಟ್ಲೇ ಸೊರಗಿದ್ದರೆ ಆ ಸಸಿ ಕಿತ್ತು ಗದ್ದೆಯಲ್ಲಿ ನೆಟ್ಟು ಏನು ಫಲ? ಅದು ಎಲ್ಲಿದ್ದರೂ ಸೊರಗುತ್ತದೆ. ದುಡ್ಡೂ ಹೋಯಿತು, ಹಿಂದಿದ್ದ ಕೂದಲೂ ಹೋಯಿತು.

ಹೀಗಾದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. 26 ವರ್ಷ. ಬೇರೆ ಊರಿನಲ್ಲಿ ಎಲ್ಲೋ ಮಾಡಿಸಿಕೊಂಡಿದ್ದಳು. ಹೋದ ದಿನವೇ ಫೋಟೋ ತೆಗೆದು, ಮರುದಿನ ಆಪರೇಷನ್. ರಕ್ತ ಪರೀಕ್ಷೆಯಲ್ಲಿ ಕೂದಲಿಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಹಿಂಭಾಗವನ್ನು ಲೆನ್ಸ್ ಹಿಡಿದು ಯಾರೂ ನೋಡಿರಲಿಲ್ಲ. ಒಂದೂವರೆ ವರ್ಷದ ನಂತರ ನೆಟ್ಟದ್ದು ಅಲ್ಲೊಂದು ಇಲ್ಲೊಂದು ನಿಂತಿತ್ತು. ತಲೆಯ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಸಸಿ ಕಿತ್ತ ಜಾಗ. ಮೊದಲಾದರೆ ಜಡೆ ಬಿಟ್ಟು ಅದನ್ನು ಮುಚ್ಚಬಹುದಿತ್ತು. ಈಗ ಮುಚ್ಚಲು ಕೂದಲೇ ಇಲ್ಲ. ಯಾರು ಮಾಡಿದ್ದು ಅಂದರೆ ಡಾಕ್ಟರ ಹೆಸರು ಅವಳಿಗೆ ಗೊತ್ತಿಲ್ಲ. "ಒಬ್ಬರು ಬಂದು ಗೆರೆ ಎಳೆದು ಹೋದರು ಮೇಡಂ, ಆಮೇಲೆ ಹುಡುಗರು ಮಾಡಿದ್ದು." ಆ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ಯಾರಿಗೆ ಮಾಡಬಹುದು? ಸಂತೋಷದಿಂದ ಹೇಳುತ್ತೇನೆ, ಇದಕ್ಕೆ ಒಳ್ಳೆಯ ಉತ್ತರ ಇದೆ.

ಚಿಕ್ಕಂದಿನಲ್ಲಿ ಬಚ್ಚಲುಮನೆಯ ಹಂಡೆಯ ಬಿಸಿನೀರು ಮೈಮೇಲೆ ಬಿದ್ದವರು. ಒಕ್ಕಣೆ ಯಂತ್ರಕ್ಕೋ ಆಲೆಮನೆಯ ಗಾಣಕ್ಕೋ ಜಡೆ ಸಿಕ್ಕಿಕೊಂಡವರು. ಅಪಘಾತದಲ್ಲಿ ತಲೆಗೆ ಹೊಲಿಗೆ ಬಿದ್ದವರು. ಇವರ ಉಳಿದ ತಲೆ ಚೆನ್ನಾಗಿರುತ್ತದೆ. ಒಟ್ಲು ಸಮೃದ್ಧ. ನೆಡಬೇಕಾದ ಜಾಗ ಅಂಗೈಯಷ್ಟು. ಕಲೆಯಾದ ಚರ್ಮದಲ್ಲಿ ರಕ್ತದ ಓಡಾಟ ಕಡಿಮೆ, ಅದಕ್ಕೆ ದಟ್ಟವಾಗಿ ನೆಡಬಾರದು. ಒಂದು ಸಲ ತೆಳುವಾಗಿ ನೆಟ್ಟು, ವರ್ಷ ಬಿಟ್ಟು ಮತ್ತೆ ನಡುನಡುವೆ ನೆಡಬೇಕು. ನನ್ನ ಒಬ್ಬ ಪೇಷಂಟ್ ಮೂರು ವರ್ಷದವಳಿದ್ದಾಗ ಹಾಗೆ ಸುಟ್ಟುಕೊಂಡಿದ್ದಳು. ಎಡಗಿವಿಯ ಮೇಲೆ ಕೂದಲಿಲ್ಲದ ನುಣುಪು ಕಲೆ. 22 ವರ್ಷದ ತನಕ ಒಂದೇ ಕಡೆಗೆ ಬೈತಲೆ ತೆಗೆದು ಅದನ್ನು ಮುಚ್ಚಿಕೊಂಡೇ ಬೆಳೆದಳು. ಗಾಳಿ ಬೀಸಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎರಡು ಸಲ ನಾಟಿ ಮಾಡಿದೆವು. ಎರಡನೆಯದು ಮುಗಿದು ಒಂದು ವರ್ಷಕ್ಕೆ ಬಂದವಳು ನಡುಬೈತಲೆ ತೆಗೆದಿದ್ದಳು. ಮಾತಾಡುವಾಗ ಕೈ ಇನ್ನೂ ಆಗಾಗ ಕಿವಿಯ ಮೇಲಕ್ಕೆ ಹೋಗುತ್ತಿತ್ತು. ಅಭ್ಯಾಸ.

ಇನ್ನೊಂದು ಗುಂಪು, ಜಡೆ ಎಳೆದೆಳೆದು ಕೂದಲು ಹೋದವರು. ಇದು ಹೊಸ ಕಾಯಿಲೆಯಲ್ಲ. ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ 1907ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ನಮ್ಮಲ್ಲಿ ಸ್ಕೂಲಿಗೆ ಹೋಗುವ ಮಗುವಿಗೆ ಎಣ್ಣೆ ಹಚ್ಚಿ, ಕಣ್ಣಿನ ಮೂಲೆ ಮೇಲಕ್ಕೆ ಹೋಗುವಷ್ಟು ಎಳೆದು ಎರಡು ಜಡೆ ಹಾಕುತ್ತೇವೆ. ಒಂದು ಕೂದಲು ಸಡಿಲವಿದ್ದರೂ ನಮಗೆ ಸಮಾಧಾನವಿಲ್ಲ. ಭರತನಾಟ್ಯದ ಹುಡುಗಿಯರಿಗೆ ಅದರ ಮೇಲೆ ಚೌರಿ, ಹೂವಿನ ದಂಡೆ, ಎಲ್ಲದರ ಭಾರ. ಮೊದಲು ಕಿವಿಯ ಮುಂದಿನ, ಹಣೆಯಂಚಿನ ಕೂದಲು ಹೋಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಎಳೆಯುವುದನ್ನು ಬಿಟ್ಟರೆ ಮತ್ತೆ ಬರುತ್ತದೆ. ವರ್ಷಾನುಗಟ್ಟಲೆ ಎಳೆದರೆ ಬೇರೇ ಸತ್ತುಹೋಗುತ್ತದೆ. ಆಗ ನಾಟಿಯೇ ದಾರಿ. ಫಲವೂ ಚೆನ್ನಾಗಿರುತ್ತದೆ. ನಾಟಿಯಾದ ಮೇಲೆ ಮತ್ತೆ ಹಾಗೇ ಎಳೆದು ಕಟ್ಟಿದರೆ ಮಾತ್ರ ಅದೂ ಹೋಗುತ್ತದೆ.

ಹುಟ್ಟಿನಿಂದಲೇ ಹಣೆ ತುಂಬ ದೊಡ್ಡದಿರುವವರಿಗೂ ಮಾಡಬಹುದು. ಬೈತಲೆ ಅಗಲವಾದವರಲ್ಲಿ ಹಿಂಭಾಗ ಗಟ್ಟಿಯಿದ್ದು, ಔಷಧಿಯಲ್ಲಿ ಉದುರುವುದು ನಿಂತಿದ್ದರೆ ಅವರಿಗೂ ಮಾಡಬಹುದು. ದುಂಡಗೆ ಬಿಲ್ಲೆಯ ಹಾಗೆ ಕೂದಲು ಹೋದರೆ ಹುಳ ತಿಂದಿದೆ ಅಂತಾರೆ. ಅಲ್ಲಿ ಯಾವ ಹುಳವೂ ಇಲ್ಲ. ನಮ್ಮ ಮೈಯ ರಕ್ಷಣಾ ಶಕ್ತಿಯೇ ಬೇರಿನ ಮೇಲೆ ತಿರುಗಿಬಿದ್ದಿರುತ್ತದೆ. ನೆಟ್ಟರೆ ನೆಟ್ಟದ್ದನ್ನೂ ಬಿಡುವುದಿಲ್ಲ. ಬೇರು ಸುಟ್ಟು ಕಲೆಯಾಗುವ ಕೆಲವು ಕಾಯಿಲೆಗಳಲ್ಲೂ ಹೀಗೆಯೇ. ಅವು ಪೂರ್ತಿ ತಣ್ಣಗಾಗಿ ಒಂದೆರಡು ವರ್ಷವಾದರೂ ಕಳೆಯಬೇಕು. ಅನುಮಾನ ಬಂದರೆ 4 ಮಿಲಿಮೀಟರಿನ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ.

ಆಪರೇಷನ್ ದಿನ ಏನಾಗುತ್ತದೆ ಅಂತ ಹೇಳುತ್ತೇನೆ. ಹೆದರಿಕೆ ಇರುವುದು ಅಲ್ಲೇ ಅಲ್ವಾ? ಪ್ರಜ್ಞೆ ತಪ್ಪಿಸುವುದಿಲ್ಲ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಸೂಜಿ. ಆ ಸೂಜಿ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನೋವಿಲ್ಲ, ಬೇಜಾರು ಮಾತ್ರ. ಆರೆಂಟು ಗಂಟೆಯ ಕೆಲಸ.

ಸಸಿ ತೆಗೆಯುವುದಕ್ಕೆ ಎರಡು ದಾರಿ. ಒಂದರಲ್ಲಿ ಹಿಂಭಾಗದಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ಚರ್ಮದ ಪಟ್ಟಿ ತೆಗೆದು, ಹೊಲಿಗೆ ಹಾಕಿ, ಆ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಸಸಿ ಸಸಿಯಾಗಿ ಬಿಡಿಸುವುದು. ಇನ್ನೊಂದರಲ್ಲಿ 0.8ರಿಂದ 1 ಮಿಲಿಮೀಟರ್ ಬಾಯಿಯ ಸಣ್ಣ ಕೊಳವೆಯಿಂದ ಒಂದೊಂದನ್ನೇ ತೆಗೆಯುವುದು. ಎರಡನೆಯದೇ ಹೊಸದು, ಅದೇ ಮೇಲು ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಹಿಂದಲೆ ಬೋಳಿಸಬೇಕು. ಗಂಡಸರಿಗೆ ಪರವಾಗಿಲ್ಲ. ಉದ್ದ ಕೂದಲಿನ ಹೆಂಗಸಿಗೆ ಪಟ್ಟಿಯ ದಾರಿಯೇ ಎಷ್ಟೋ ಸಲ ವಾಸಿ. ಬೋಳಿಸುವುದು ಆ ಪಟ್ಟಿಯಷ್ಟೇ. ಮೇಲಿನ ಕೂದಲು ಇಳಿಬಿಟ್ಟರೆ ಹೊಲಿಗೆ ಅದೇ ದಿನ ಮುಚ್ಚಿಹೋಗುತ್ತದೆ. ಎರಡನೇ ದಾರಿಯಲ್ಲೂ ಕೂದಲ ಮರೆಯಲ್ಲಿ ಕಿಟಕಿಯಷ್ಟು ಜಾಗ ಮಾತ್ರ ಬೋಳಿಸಿ ಮಾಡುವುದಿದೆ.

ತೆಗೆದ ಸಸಿಗಳನ್ನು ನೋಡಬೇಕು ನೀವು. ತಣ್ಣನೆ ಉಪ್ಪುನೀರಿನಲ್ಲಿ ನೆನೆದ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲಾಗಿ ಮಲಗಿರುತ್ತವೆ. ಒಂದೊಂದೂ ಜೀರಿಗೆ ಕಾಳಿನಷ್ಟು. ತುದಿಯಲ್ಲಿ ಎಳೆ ಈರುಳ್ಳಿ ಗಡ್ಡೆಯ ಹಾಗೆ ಉಬ್ಬಿದ ಬೇರು, ಸುತ್ತ ಬೆಳ್ಳಗೆ ತೆಳು ಕೊಬ್ಬು. ಒಂದರಲ್ಲಿ ಒಂದೇ ಕೂದಲು, ಇನ್ನೊಂದರಲ್ಲಿ ಎರಡು, ಮೂರು, ಕೆಲವದರಲ್ಲಿ ನಾಲ್ಕು. ಕೂದಲು ಹುಟ್ಟುವುದೇ ಹೀಗೆ ಗೊಂಚಲಾಗಿ. ಒಂಟಿ ಕೂದಲಿನವು ಹಣೆಯಂಚಿಗೆ, ಗೊಂಚಲಿನವು ಹಿಂದಕ್ಕೆ. ಗಡ್ಡೆಯನ್ನು ಚಿಮಟದಲ್ಲಿ ಹಿಸುಕಿದರೂ ಸತ್ತಿತು, ಒಣಗಿದರೂ ಸತ್ತಿತು. ಅದಕ್ಕೇ ಸಹಾಯಕರ ಕೈ ಪಳಗಿರಬೇಕು.

ಹೆಂಗಸರಲ್ಲಿ ನೆಡುವುದು ಇನ್ನೂ ಕಷ್ಟ. ಗಂಡಸರದು ಖಾಲಿ ಗದ್ದೆ. ನಮ್ಮದು ನಿಂತ ಪೈರಿನ ನಡುವೆ ನಾಟಿ. ಅಕ್ಕಪಕ್ಕದ ಬೇರಿಗೆ ಏಟಾಗದ ಹಾಗೆ, ಅವು ಮಲಗಿರುವ ಕೋನದಲ್ಲೇ ಗುಳಿ ಮಾಡಬೇಕು. ಎಷ್ಟು ಜೋಪಾನ ಮಾಡಿದರೂ ಪಕ್ಕದ ಕೂದಲು ಸ್ವಲ್ಪ ದಿನ ಉದುರಬಹುದು. ಹೆಂಗಸರಲ್ಲಿ ಇದು ಜಾಸ್ತಿ. ಬಹುಪಾಲು ಮೂರು ನಾಲ್ಕು ತಿಂಗಳಲ್ಲಿ ವಾಪಸು ಬರುತ್ತದೆ. ಮೊದಲೇ ಹೇಳಿರದಿದ್ದರೆ ಮಾತ್ರ ಜೀವ ಹೋದಂತಾಗುತ್ತದೆ.

ಆಮೇಲಿನ ಕತೆ ರೈತರ ಮನೆಯವರಿಗೆ ಬೇಗ ಅರ್ಥವಾಗುತ್ತದೆ. ನಾಟಿಯಾದ ವಾರಕ್ಕೆ ಪೈರು ಹಳದಿಯಾಗಿ ಬಾಗುತ್ತದಲ್ಲ? ಹಾಗೆಯೇ ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದಲ್ಲಿ ಉದುರಿಬಿಡುತ್ತದೆ. ಬೇರು ಒಳಗೆ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ. ಪೂರ್ತಿ ಕಾಣೋಕೆ ಒಂದು ವರ್ಷ. ಮಗಳ ಮದುವೆ ಎರಡು ತಿಂಗಳಿದೆ, ಅಷ್ಟರಲ್ಲಿ ಮಾಡಿಕೊಡಿ ಅಂತ ಅಪ್ಪ ಅಮ್ಮ ಬರುತ್ತಾರೆ. ಎರಡು ತಿಂಗಳಿಗೆ ಆ ಹುಡುಗಿಯ ತಲೆ ಮೊದಲಿಗಿಂತ ತೆಳ್ಳಗೆ ಕಾಣುತ್ತದೆ. ಹಸೆಮಣೆಯ ಮೇಲೆ ಅವಳನ್ನು ಹಾಗೆ ಕೂರಿಸುವುದು ಬೇಡ.

ಯಾರ ಹತ್ತಿರ ಮಾಡಿಸಬೇಕು ಅನ್ನುವುದಕ್ಕೆ ನಿಯಮ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಸರಿಯಾದ ತರಬೇತಿ ಪಡೆದ ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳ ಕೆಲಸ ಇದು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನೀವು ಸಂಕೋಚ ಬಿಟ್ಟು ಕೇಳಿ. ಡಾಕ್ಟರ ಹೆಸರೇನು, ಓದಿದ್ದೇನು? ಗುಳಿ ಮಾಡುವವರು ಯಾರು? ನನ್ನ ಹಿಂದಲೆಯನ್ನು ಲೆನ್ಸಿನಲ್ಲಿ ನೋಡಿದಿರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಎದ್ದು ಬನ್ನಿ.

ಇಷ್ಟು ಹೇಳಿ ಮುಗಿಸಿದಾಗ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನ ಒಬ್ಬರು, ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದಾ ಅಂತ ಕೇಳಿದರು. ದೇವರಿಗೆ ಹರಕೆಯಿದ್ದರೆ ಕೊಡಿ. ಬೇರಿರುವುದು ಚರ್ಮದ ಒಳಗೆ, ಕತ್ತಿ ಅಲ್ಲಿಗೆ ಮುಟ್ಟುವುದಿಲ್ಲ. ಮೊಂಡು ತುದಿ ಕೈಗೆ ಒರಟಾಗಿ ಸಿಗುವುದರಿಂದ ದಪ್ಪವಾಯಿತು ಅನ್ನಿಸುತ್ತದೆ. ಎಣ್ಣೆಯ ಬಗ್ಗೆಯೂ ಕೇಳಿದರು. ಕೊಬ್ಬರಿ ಎಣ್ಣೆ ಕೂದಲಿನ ಎಳೆ ಸವೆಯದಂತೆ ಕಾಯುತ್ತದೆ, ಹಚ್ಚಿ. ಬೇರು ಹುಟ್ಟಿಸುವ ಶಕ್ತಿ ಯಾವ ಎಣ್ಣೆಗೂ ಇಲ್ಲ.

ಇನ್ಶೂರೆನ್ಸ್ ಬರುತ್ತದಾ? ಚೆಂದಕ್ಕೆ ಮಾಡಿಸುವ ಆಪರೇಷನ್ನಿಗೆ ಬರುವುದಿಲ್ಲ. ಸುಟ್ಟ ಗಾಯ, ಅಪಘಾತ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವ ಸರ್ಜರಿಗೆ ಸಾಮಾನ್ಯವಾಗಿ ಈ ನಿಯಮದಿಂದ ವಿನಾಯಿತಿ ಇರುತ್ತದೆ, ಅಂದರೆ ಬರಬಹುದು. ಪಾಲಿಸಿ ತೆಗೆದು ಓದಿ, ಕಂಪನಿಯವರನ್ನು ಕೇಳಿ.

ಎಪ್ಪತ್ತರ ಆಸುಪಾಸಿನ ಒಬ್ಬರು ಎದ್ದು ನಿಂತರು. "ನಂಗೆ ಆಪರೇಷನ್ ಎಲ್ಲ ಬ್ಯಾಡ ಕಣವ್ವ. ಚೌರಿ ಹಾಕ್ಕೊಂಡ್ರೆ ತಪ್ಪಾ?" ಖಂಡಿತಾ ತಪ್ಪಲ್ಲಮ್ಮ. ಆಪರೇಷನ್ ಹೊಂದದವರಿಗೆ ಚೌರಿ, ವಿಗ್, ನೆತ್ತಿಗೆ ಮಾತ್ರ ಕೂರುವ ಚಿಕ್ಕ ತುಂಡು, ಎಲ್ಲವೂ ಮರ್ಯಾದೆಯ ದಾರಿಗಳೇ. ನಮ್ಮ ಕೊಪ್ಪಳದ ಹತ್ತಿರ ಭಾಗ್ಯನಗರ ಅಂತ ಊರಿದೆ. ಕೂದಲು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುವುದೇ ಅಲ್ಲಿನ ಎಷ್ಟೋ ಮನೆಗಳ ಜೀವನ. ಆ ಹೆಣ್ಣುಮಕ್ಕಳ ಕೈಯಿಂದ ಹೋದ ಕೂದಲು ವಿಗ್ ಆಗಿ ಯಾರದೋ ತಲೆ ತುಂಬಿಸುತ್ತದೆ. ಬಿಗಿ ಪಿನ್ನು ಚುಚ್ಚಿ ಇದ್ದ ಕೂದಲನ್ನು ಎಳೆಯಬೇಡಿ, ರಾತ್ರಿ ತೆಗೆದಿಟ್ಟು ಮಲಗಿ, ಅಷ್ಟೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಡಾಕ್ಟರ ಹತ್ತಿರ ಬರುವಾಗ ಏನು ತರಬೇಕು ಅಂತ ಕೇಳಿದಳು. ಕೂದಲಿನ ಉಂಡೆ ತರುವುದು ಬೇಡ. ನಾಲ್ಕೈದು ವರ್ಷದ ಹಿಂದಿನ ಒಂದು ಫೋಟೋ ತನ್ನಿ, ಬೈತಲೆ ಕಾಣುವಂಥದ್ದು. ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ಯೋಚಿಸಿಕೊಂಡು ಬನ್ನಿ. ಆವತ್ತು ಮಾತ್ರ ತಲೆಗೆ ಎಣ್ಣೆ ಹಚ್ಚಬೇಡಿ, ಲೆನ್ಸಿಗೆ ಏನೂ ಕಾಣುವುದಿಲ್ಲ.